ಬಾತುಕೋಳಿ ಆರಾಮಾಗಿದೆ, ಕೋಳಿ ಯಾಕೆ ಸಾಯುತ್ತೆ?

ನಿಮ್ಮ ಪ್ರಶ್ನೆ ಚೆನ್ನಾಗಿದೆ: ಕೆರೆಯ ಬಾತುಗಳು ಹಕ್ಕಿಜ್ವರದ ವೈರಸ್ ಹೊತ್ತು ತಿರುಗಿದರೂ ಓಡಾಡಿಕೊಂಡಿರುತ್ತವೆ, ಕೋಳಿ ಮಾತ್ರ ಒಂದೇ ರಾತ್ರಿಗೆ ಯಾಕೆ ಸಾಯುತ್ತದೆ?

ಈ ವೈರಸ್ ಜೀವಕೋಶದೊಳಗೆ ನುಗ್ಗಬೇಕಾದರೆ ವೈರಸ್‌ನ ಮೈಮೇಲಿನ ಒಂದು ಪ್ರೋಟೀನು ಕತ್ತರಿಸಲ್ಪಡಬೇಕು. ವೈರಸ್‌ನ ಸಾಮಾನ್ಯ ತಳಿಗಳಿಗೆ ಬೇಕಾದ ಕತ್ತರಿ, ಅಂದರೆ ಕಿಣ್ವ, ಉಸಿರಾಟದ ನಾಳ ಮತ್ತು ಕರುಳಿನಲ್ಲಷ್ಟೇ ಸಿಗುತ್ತದೆ. ಹಾಗಾಗಿ ಕೋಳಿಗೆ ನೆಗಡಿ, ಮೊಟ್ಟೆ ಕಡಿಮೆ, ಅಷ್ಟೇ. ಆದರೆ ಎಚ್5, ಎಚ್7 ಎಂಬ ಬಗೆಯ ಹಕ್ಕಿಜ್ವರದ ವೈರಸ್‌ಗಳು ಕೋಳಿಗಳಲ್ಲಿ ಸುತ್ತುತ್ತಾ ಕೆಲವೊಮ್ಮೆ ಬದಲಾಗುತ್ತವೆ. ಆಮೇಲೆ ಮೈಯೆಲ್ಲಾ ಇರುವ ಬೇರೊಂದು ಕಿಣ್ವವೇ ಅವಕ್ಕೆ ಸಾಕು. ಮಿದುಳು, ಹೃದಯ, ರಕ್ತನಾಳ ಎಲ್ಲಕ್ಕೂ ವೈರಸ್ ಹಬ್ಬುತ್ತದೆ. ಜುಟ್ಟು ನೀಲಿಗಟ್ಟುತ್ತದೆ, ತಲೆ ಊದುತ್ತದೆ. ಕೆಲವು ಸಲ ಲಕ್ಷಣವೇ ಕಾಣದೆ ಸತ್ತುಬಿಡುತ್ತವೆ. ಬಾತುಗಳು ಇದನ್ನು ಹೆಚ್ಚು ತಡೆದುಕೊಳ್ಳುತ್ತವೆ, ಆದರೂ ಈಚಿನ ಕೆಲವು ಎಚ್5ಎನ್1 ತಳಿಗಳು ಅವನ್ನೂ ಕೊಂದಿವೆ.

ಹರಡುವುದು ಹಿಕ್ಕೆಯಿಂದ, ಮೂಗಿನ ಸಿಂಬಳದಿಂದ, ಕುಡಿಯುವ ನೀರಿನಿಂದ. ಜನ ಮರೆಯುವುದು ಚಪ್ಪಲಿ, ಮೊಟ್ಟೆ ಟ್ರೇ, ಮೇವಿನ ಗಾಡಿ! ಕೆರೆ ನೀರನ್ನು ಕೋಳಿಗೆ ಕೊಡಬೇಡಿ, ಗೂಡಿಗೆ ಬೇರೆ ಚಪ್ಪಲಿ ಇಡಿ.

ಅಂದ ಹಾಗೆ, ಕೊಕ್ಕರೆ ರೋಗದಲ್ಲೂ (ರಾಣಿಖೇತ್ ಎನ್ನುವ ಇನ್ನೊಂದು ವೈರಸ್ ರೋಗ) ಕೋಳಿಗಳು ಹೀಗೇ ಸಾಯುತ್ತವೆ. ಯಾವ ರೋಗವೆಂದು ಕಣ್ಣಲ್ಲಿ ನೋಡಿ ಹೇಳಲಾಗದು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ, ಕೊಯ್ಯದೆ ಪಶುವೈದ್ಯರಿಗೆ ತಿಳಿಸಿ. ಖಚಿತ ಪರೀಕ್ಷೆ ಭೋಪಾಲದ ರಾಷ್ಟ್ರೀಯ ಪ್ರಾಣಿರೋಗ ಪ್ರಯೋಗಾಲಯದಲ್ಲಿ ಆಗುತ್ತದೆ. 2012ರಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದ ಟರ್ಕಿ ಕೋಳಿಗಳು ಸತ್ತಾಗಲೂ ಮಾದರಿಗಳು ಅಲ್ಲಿಗೇ ಹೋಗಿದ್ದವು.