ಲುಗೋಶಿ, ಲೋರೆ ಬಿಟ್ಟರೆ ಆ ಕಾಲದ ಹಂಗೇರಿಯ ನಟರು ಯಾರು? ಅವರನ್ನು ಹೋಲಿಸಿ ನೋಡುವುದು ಹೇಗೆ?

ಬೇಲಾ ಲುಗೋಶಿ, ಪೀಟರ್ ಲೋರೆ ಇಬ್ಬರೂ ಹಂಗೇರಿಯಿಂದ ಬಂದವರು ಅಂತ ಓದಿ, ಅವರ ಓರಗೆಯವರು ಇನ್ಯಾರಿದ್ದರು, ದೇಶದಲ್ಲೇ ಉಳಿದವರು ಅವರಿಗೆ ಸಮನಾಗಿ ನಿಲ್ಲುತ್ತಾರಾ, ನೋಡಲು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

1931ನೇ ಇಸವಿಯಿಂದ ಶುರು ಮಾಡಿ. ಆ ಒಂದೇ ವರ್ಷ ಮೂರು ದೇಶಗಳಲ್ಲಿ ಮೂರು ಚಿತ್ರ ಬಂದವು. ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಲುಗೋಶಿಯ ‘ಡ್ರಾಕುಲಾ’, ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ಲೋರೆಯ ‘ಎಂ’, ನವೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ‘ಹಿಪ್ಪೊಲಿತ್ ಅ ಲಾಕಾಯ್’. ಮೊದಲಿನ ಎರಡು ಎಲ್ಲರಿಗೂ ಗೊತ್ತು. ಮೂರನೆಯದು ಹಂಗೇರಿಯನ್ನರು ಇವತ್ತಿಗೂ ಮನೆಮಂದಿಯೆಲ್ಲ ಕೂತು ನೋಡುವ ಹಾಸ್ಯಚಿತ್ರ. ನಿಮ್ಮ ಪ್ರಶ್ನೆಗೆ ಉತ್ತರ ಬಹುಪಾಲು ಆ ಮೂರನೆಯದರಲ್ಲೇ ಇದೆ.

ಮೊದಲು ವಯಸ್ಸು ನೋಡಿಕೊಳ್ಳಿ. ಲುಗೋಶಿ ಮತ್ತು ಲೋರೆ ಒಂದೇ ತಲೆಮಾರಿನವರಲ್ಲ. ಲುಗೋಶಿ ಹುಟ್ಟಿದ್ದು 1882ರಲ್ಲಿ. ಅವನ ನಿಜವಾದ ಓರಗೆಯವರು ದ್ಯುಲಾ ಚೋರ್ತೋಶ್ (1883), ಅಮೆರಿಕಕ್ಕೆ ಹೋಗಿ ಎಸ್. ಝಡ್. ಸಕಾಲ್ ಆದ ಸೋಕೆ ಸಕಾಲ್ (1883), ದ್ಯುಲಾ ಕಾಬೋಶ್ (1887). ಇವರೆಲ್ಲ ಮೊದಲ ಮಹಾಯುದ್ಧಕ್ಕೆ ಮುಂಚೆಯೇ ರಂಗಭೂಮಿಯಲ್ಲಿ ಪಳಗಿದವರು. ಲೋರೆ 1904ರವನು. ಅವನ ಜೊತೆ ಇಡಬೇಕಾದವರು ಅಂತಾಲ್ ಪಾಗೆರ್ (1899), ಪಾಲ್ ಯಾವೋರ್ (1902), ಕಲ್ಮಾನ್ ಲತಬಾರ್ (1902), ಸ್ವಲ್ಪ ಕಿರಿಯಳಾದ ಕತಲಿನ್ ಕರಾದಿ (1910). ಲೋರೆ ಬಗ್ಗೆ ಇನ್ನೊಂದು ಮಾತು: ಅವನು ಬೆಳೆದದ್ದು ಜರ್ಮನ್ ಮಾತಿನ ವಾತಾವರಣದಲ್ಲಿ, ವೃತ್ತಿ ಕಟ್ಟಿಕೊಂಡದ್ದು ವಿಯೆನ್ನಾ, ಬರ್ಲಿನ್‌ಗಳಲ್ಲಿ. ಬುಡಾಪೆಸ್ಟ್ ರಂಗಭೂಮಿಯ ಕೂಸು ಅಂತ ಅವನನ್ನು ಲೆಕ್ಕಕ್ಕೆ ಹಿಡಿದರೆ ಹೋಲಿಕೆಯೇ ತಪ್ಪುತ್ತದೆ.

ಹುಡುಕುವಾಗ ಎರಡು ಕಡೆ ಎಡವುತ್ತೀರಿ. ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ: ಅಲ್ಲಿ ‘ಯಾವೋರ್ ಪಾಲ್’ ಆದವನು ಅಮೆರಿಕದ ಪಟ್ಟಿಗಳಲ್ಲಿ ‘ಪಾಲ್ ಜಾವೋರ್’. ‘ಕಾಸಾಬ್ಲಾಂಕಾ’ ನಿರ್ದೇಶಕ ಮೈಕಲ್ ಕರ್ಟಿಸ್ ಅಲ್ಲಿ ಕೆರ್ತೇಸ್ ಮಿಹಾಯ್. ಲುಗೋಶಿ ಅಂತೂ 1917ರ ಆಸುಪಾಸಿನ ಕೆಲವು ಮೂಕಿ ಚಿತ್ರಗಳಲ್ಲಿ ‘ಅರಿಸ್ತಿದ್ ಓಲ್ತ್’ ಎಂಬ ಹೆಸರಿನಲ್ಲಿ ನಟಿಸಿದ್ದಾನೆ. ಎರಡೂ ರೂಪಗಳಲ್ಲಿ ಹುಡುಕದಿದ್ದರೆ ಅರ್ಧ ಚಿತ್ರಗಳು ಸಿಗುವುದೇ ಇಲ್ಲ. ಎರಡನೆಯದು ಹುಟ್ಟೂರು. ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ಆದ 1920ರ ತ್ರಿಯಾನೊನ್ ಒಪ್ಪಂದದಲ್ಲಿ ಹಂಗೇರಿಯ ಗಡಿ ಕುಗ್ಗಿತು. ಲುಗೋಶಿಯ ಲುಗೋಶ್, ಯಾವೋರ್‌ನ ಅರಾದ್ ಈಗ ರೊಮೇನಿಯಾದಲ್ಲಿವೆ, ಚೋರ್ತೋಶ್‌ನ ಮುಂಕಾಚ್ ಉಕ್ರೇನ್‌ನಲ್ಲಿ, ಲೋರೆಯ ರೋಜಹೆದ್ಯ್ ಸ್ಲೊವಾಕಿಯಾದಲ್ಲಿ. ಹಾಗಾಗಿ ಹುಟ್ಟಿದ ಊರಿನ ದೇಶ ನೋಡಿ ಸೋಸಿದರೆ ಇವರೆಲ್ಲ ಜರಡಿಯಿಂದ ಜಾರಿಹೋಗುತ್ತಾರೆ.

ಈಗ ಹಿಪ್ಪೊಲಿತ್. ಸರಕು ಸಾಗಣೆಯಲ್ಲಿ ದುಡ್ಡು ಮಾಡಿದ ಶ್ನೈಡರ್ ಎಂಬಾತನ ಹೆಂಡತಿ, ಕೌಂಟ್ ಒಬ್ಬರ ಮನೆಯಲ್ಲಿ ಚಾಕರಿ ಮಾಡಿದ ಬಟ್ಲರ್‌ನನ್ನು ತಂದು ಮನೆಯಲ್ಲಿ ಇಟ್ಟುಕೊಳ್ಳುತ್ತಾಳೆ. ಅಲ್ಲಿಂದ ಯಜಮಾನನಿಗೆ ಊಟಕ್ಕೆ ಡಿನ್ನರ್ ಸೂಟು ಕಡ್ಡಾಯ, ಈರುಳ್ಳಿ ನಿಷಿದ್ಧ. ಶ್ನೈಡರ್ ಆಗಿ ಕಾಬೋಶ್, ಬಟ್ಲರ್ ಆಗಿ ಚೋರ್ತೋಶ್. ಇಬ್ಬರೂ ಒಂದೇ ಚೌಕಟ್ಟಿನಲ್ಲಿರುವಾಗ ಗಮನವಿಟ್ಟು ನೋಡಿ. ಚೋರ್ತೋಶ್ ಕತ್ತು ಅಲ್ಲಾಡಿಸುವುದಿಲ್ಲ, ರೆಪ್ಪೆ ಇಳಿಸಿದರೇ ಒಂದು ತೀರ್ಪು ಕೊಟ್ಟಂತೆ. ಕಾಬೋಶ್ ಮಾತ್ರ ವಾಕ್ಯ ಶುರು ಮಾಡಿ ಅರ್ಧಕ್ಕೆ ನುಂಗುತ್ತಾನೆ, ತಡವರಿಸುತ್ತಾನೆ, ಮತ್ತೆ ಹಿಂದಕ್ಕೆ ಹೋಗಿ ಅದೇ ಪದ ಹಿಡಿಯುತ್ತಾನೆ. ಅವನ ಹಾಸ್ಯವೆಲ್ಲ ಆ ತಡವರಿಕೆಯ ಲಯದಲ್ಲಿದೆ. ನನ್ನ ಮಟ್ಟಿಗೆ ಆ ತಲೆಮಾರಿನ ಅತಿ ದೊಡ್ಡ ನಟ ಕಾಬೋಶ್, ಲುಗೋಶಿ ಅಲ್ಲ.

ಹಾಗಿದ್ದೂ ಕಾಬೋಶ್ ಹೆಸರು ಹೊರಗೆ ಯಾಕೆ ಕೇಳಿಸಲಿಲ್ಲ? 1938ರಲ್ಲಿ ಹಂಗೇರಿ ಮೊದಲ ಯಹೂದಿ ವಿರೋಧಿ ಕಾನೂನು ತಂದಿತು. ನಟರೆಲ್ಲ ರಂಗಭೂಮಿ ಮತ್ತು ಸಿನಿಮಾ ‘ಕಮಾರಾ’ದ (ವೃತ್ತಿ ಮಂಡಳಿಯ) ಸದಸ್ಯರಾಗಲೇಬೇಕು, ಅದರಲ್ಲಿ ಯಹೂದಿಗಳು ಶೇ. 20 ಮೀರುವಂತಿಲ್ಲ ಎಂಬ ನಿಯಮ ಬಂತು. 1939ರ ಎರಡನೇ ಕಾನೂನು ಅದನ್ನು ಶೇ. 6ಕ್ಕೆ ಇಳಿಸಿತು. ದೇಶದ ಅತ್ಯಂತ ಜನಪ್ರಿಯ ಹಾಸ್ಯನಟ ಯಹೂದಿ ಎಂಬ ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡ. 1939ರಲ್ಲಿ ಅಮೆರಿಕಕ್ಕೆ ಹೋದ. ಅಲ್ಲಿ ಹಂಗೇರಿಯನ್ ವಲಸಿಗರ ಮುಂದಷ್ಟೇ ಆಡುವಂತಾಯಿತು, 1941ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ. ತಡವರಿಸುವ ಮಾತಿನಲ್ಲೇ ಹಾಸ್ಯ ಇಟ್ಟವನಿಗೆ ಆ ಭಾಷೆ ಹೋದ ಮೇಲೆ ಉಳಿದದ್ದೇನು?

ಸಕಾಲ್‌ನ ಕಥೆ ಪಕ್ಕದಲ್ಲಿಡಿ. ಅವನೂ ಯಹೂದಿ, ಅವನೂ ಹಾಸ್ಯನಟ, ಹಾಲಿವುಡ್‌ಗೆ ಬಂದದ್ದು 1940ರ ಹೊತ್ತಿಗೆ, ಐವತ್ತು ದಾಟಿದ ಮೇಲೆ. ಆದರೆ ಅವನ ಹಾಸ್ಯ ಮುಖದಲ್ಲಿತ್ತು: ಗಾಬರಿಯಾದಾಗ ಎರಡೂ ಕೈ ಉಬ್ಬಿದ ಕೆನ್ನೆಗಳ ಮೇಲೆ. ಹರಕು ಇಂಗ್ಲಿಷ್ ಆ ಮುಖಕ್ಕೆ ಇನ್ನಷ್ಟು ಕಳೆ ಕೊಟ್ಟಿತು. ‘ಕಾಸಾಬ್ಲಾಂಕಾ’ದ ಹೆಡ್ ವೇಟರ್ ಕಾರ್ಲ್ ಅವನೇ.

ಅಮೆರಿಕದಲ್ಲಿ ಗೆದ್ದವರೆಲ್ಲ ಹೀಗೆ ಉಚ್ಚಾರಣೆಯ ಮೂಲಕವೇ ಗೆದ್ದರು, ಅದರಲ್ಲೇ ಸಿಕ್ಕಿಬಿದ್ದರು. 1919ರಲ್ಲಿ ಬೇಲಾ ಕುನ್‌ನ ಅಲ್ಪಕಾಲದ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ನಟರ ಸಂಘ ಕಟ್ಟಿದ್ದಕ್ಕೆ ಲುಗೋಶಿ ಆ ಸರ್ಕಾರ ಬಿದ್ದ ಮೇಲೆ ದೇಶ ಬಿಡಬೇಕಾಯಿತು. ಬುಡಾಪೆಸ್ಟ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಬಗೆಬಗೆಯ ಪಾತ್ರ ಮಾಡಿದವನಿಗೆ 1927ರ ಬ್ರಾಡ್‌ವೇ ನಾಟಕ ‘ಡ್ರಾಕುಲಾ’ ನಂತರ ಬಹುಪಾಲು ರಕ್ತಪಿಶಾಚಿ, ಹುಚ್ಚು ವಿಜ್ಞಾನಿಯಂಥ ಪಾತ್ರಗಳೇ ಉಳಿದವು. ಲೋರೆಗೆ ಖಳರು, ಆಮೇಲೆ 1937ರಿಂದ 39ರೊಳಗೆ ಜಪಾನಿ ಪತ್ತೇದಾರ ಮಿಸ್ಟರ್ ಮೋಟೋ ಆಗಿ ಎಂಟು ಚಿತ್ರ! ಬುಡಾಪೆಸ್ಟ್‌ನವನೇ ಆದ ಪಾಲ್ ಲೂಕಾಸ್ 1943ರ ‘ವಾಚ್ ಆನ್ ದ ರೈನ್’ ಚಿತ್ರಕ್ಕೆ ಅತ್ಯುತ್ತಮ ನಟ ಆಸ್ಕರ್ ಪಡೆದ, ಅದೂ ‘ಕಾಸಾಬ್ಲಾಂಕಾ’ದ ಹಂಫ್ರಿ ಬೊಗಾರ್ಟ್‌ನನ್ನು ಹಿಂದೆ ಹಾಕಿ. ಆ ಪಾತ್ರವೂ ನಾಜಿ ವಿರೋಧಿ ಜರ್ಮನ್‌ನದು, ಹೊರಗಿನವನದೇ.

ದೇಶದಲ್ಲಿ ಉಳಿದವರ ಬದುಕು ಒಡೆದದ್ದು 1944ರಲ್ಲಿ. ಆ ವರ್ಷ ಮಾರ್ಚ್‌ನಲ್ಲಿ ಜರ್ಮನ್ ಸೇನೆ ನುಗ್ಗಿತು, ಅಕ್ಟೋಬರ್‌ನಲ್ಲಿ ಹಂಗೇರಿಯ ನಾಜಿಗಳಾದ ಆರೋ ಕ್ರಾಸ್ ಪಕ್ಷ ಅಧಿಕಾರ ಹಿಡಿಯಿತು. ‘ಹಲಾಲೋಶ್ ತವಸ್’ (1939) ಚಿತ್ರದ ಜೋಡಿ ಯಾವೋರ್ ಮತ್ತು ಕರಾದಿ ಇಬ್ಬರೂ ಆ ವರ್ಷ ಜೈಲು ಕಂಡರು. ಕರಾದಿಯನ್ನು ನಾಜಿ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಹಿಡಿದು ಚಿತ್ರಹಿಂಸೆ ಕೊಟ್ಟಿತು. ಬಿಡುಗಡೆಯಾದ ಮೇಲೆ ಅವಳು ಯಹೂದಿ ಮಕ್ಕಳನ್ನು ಬಚ್ಚಿಟ್ಟು ಉಳಿಸಿದಳು. ಯುದ್ಧದ ನಂತರದ ಆಡಳಿತಕ್ಕೂ ಅವಳು ಬೇಡವಾದಳು, 1951ರಲ್ಲಿ ದೇಶ ಬಿಟ್ಟು ಸಾವೊ ಪಾಲೊದಲ್ಲಿ, ಆಮೇಲೆ ನ್ಯೂಯಾರ್ಕ್‌ನಲ್ಲಿ ಟೋಪಿ ಅಂಗಡಿ ನಡೆಸಿದಳು. ಯಹೂದಿ ನರಮೇಧದ ಸ್ಮಾರಕ ಸಂಸ್ಥೆಯಾದ ಇಸ್ರೇಲ್‌ನ ಯಾದ್ ವಾಶೆಮ್ ಅವಳನ್ನು ಗೌರವಿಸಿದ್ದು 2004ರಲ್ಲಿ, ಸತ್ತು 14 ವರ್ಷದ ಮೇಲೆ. ಯಾವೋರ್ 1946ರಲ್ಲಿ ಅಮೆರಿಕಕ್ಕೆ ಹೋಗಿ ಚಿಕ್ಕಪುಟ್ಟ ಪಾತ್ರಗಳಲ್ಲಿ ಸವೆದು 1957ರಲ್ಲಿ ಮರಳಿದ, ಎರಡೇ ವರ್ಷಕ್ಕೆ ತೀರಿಕೊಂಡ.

ಪಾಗೆರ್‌ನದು ಕಷ್ಟದ ಪ್ರಕರಣ. 1942ರಲ್ಲಿ ‘ಓರ್ಶೇಗ್ವಾಲ್ತಾಶ್’ ಎಂಬ ಯಹೂದಿ ದ್ವೇಷದ ಪ್ರಚಾರ ಚಿತ್ರದಲ್ಲಿ ನಟಿಸಿದ, 1944ರಲ್ಲಿ ದೇಶ ಬಿಟ್ಟು ಕೊನೆಗೆ ಅರ್ಜೆಂಟೀನಾ ಸೇರಿದ. 1956ರಲ್ಲಿ ಕಮ್ಯುನಿಸ್ಟ್ ಸರ್ಕಾರವೇ ಅವನನ್ನು ವಾಪಸ್ ಬಿಟ್ಟುಕೊಂಡಿತು. 1964ರಲ್ಲಿ ‘ಪಚಿರ್ತಾ’ ಚಿತ್ರದ ತಂದೆಯ ಪಾತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಮದುವೆಯಾಗದ ಮಗಳನ್ನು ರೈಲು ಹತ್ತಿಸಿ ಬಂದ ಮುದುಕ ನಿಧಾನವಾಗಿ ಹಗುರಾಗುವುದನ್ನು ಅವನು ತೋರಿಸುವ ಬಗೆ ಅಸಾಧಾರಣ. ಆ ನಟನೆಯನ್ನು ಮೆಚ್ಚುತ್ತೇನೆ, ಆದರೆ ಅದಕ್ಕಾಗಿ 1942ರ ಚಿತ್ರವನ್ನು ಅವನ ಪಟ್ಟಿಯಿಂದ ತೆಗೆದುಹಾಕುವವರ ಜೊತೆ ನಾನಿಲ್ಲ. ಎರಡನ್ನೂ ಇಟ್ಟುಕೊಂಡೇ ಅವನನ್ನು ನೋಡಬೇಕು.

ಆದ್ದರಿಂದ ಚಿತ್ರಗಳ ಸಂಖ್ಯೆ, ಪ್ರಶಸ್ತಿ ಹಿಡಿದು ಇವರನ್ನು ಸಾಲಾಗಿ ನಿಲ್ಲಿಸಬೇಡಿ. ಒಂದು ಹಾಳೆಯ ಮೇಲೆ 1919, 1938, 1944, 1948, 1956 ಬರೆದು, ಪ್ರತಿಯೊಬ್ಬರಿಗೆ ಆ ವರ್ಷ ಎಷ್ಟು ವಯಸ್ಸು, ಯಾವ ಊರಲ್ಲಿದ್ದರು, ಯಾವ ಭಾಷೆಯಲ್ಲಿ ನಟಿಸುತ್ತಿದ್ದರು ಎಂದು ತುಂಬಿಸಿ. 1956 ಕಮ್ಯುನಿಸ್ಟ್ ಆಡಳಿತದ ವಿರುದ್ಧ ಜನ ದಂಗೆ ಎದ್ದ ವರ್ಷ, 1948 ಸಿನಿಮಾ ಉದ್ಯಮ ರಾಷ್ಟ್ರೀಕರಣವಾದ ವರ್ಷ. ಲತಬಾರ್ ಆ ಬದಲಾವಣೆ ದಾಟಿ 1949ರ ‘ಮಾಗ್ನಾಶ್ ಮಿಶ್ಕಾ’ದಲ್ಲಿ ಮತ್ತೆ ಜನರನ್ನು ನಗಿಸಿದ. ಕಾಬೋಶ್ ಬದುಕಿದ್ದರೆ ಆಗ ಅವನಿಗೆ 62.

ನೋಡುವ ಕ್ರಮ: ಮೊದಲು ‘ಹಿಪ್ಪೊಲಿತ್’, ಆಮೇಲೆ ‘ಹಲಾಲೋಶ್ ತವಸ್’, ಕೊನೆಗೆ ‘ಪಚಿರ್ತಾ’. ‘ಹಿಪ್ಪೊಲಿತ್’ ಹುಡುಕುವಾಗ ವರ್ಷ 1931 ಎಂದು ಖಾತ್ರಿ ಮಾಡಿಕೊಳ್ಳಿ, ಅದೇ ಕಥೆಯ ಹೊಸ ಮರುನಿರ್ಮಾಣವೂ ಇದೆ, ಹಳೆಯದಕ್ಕೇ ಬಣ್ಣ ಹಚ್ಚಿದ ಪ್ರತಿಯೂ ಇದೆ. ಕಪ್ಪುಬಿಳುಪಿನದನ್ನೇ ತೆಗೆದುಕೊಳ್ಳಿ. ಸಬ್‌ಟೈಟಲ್ ಇದ್ದರೂ ಒಂದೆರಡು ದೃಶ್ಯಗಳನ್ನು ಅದಿಲ್ಲದೆ ಮತ್ತೊಮ್ಮೆ ನೋಡಿ. ಓದುವ ಅಕ್ಷರಗಳು ಕಾಬೋಶ್‌ನ ನುಂಗಿದ ಮಾತನ್ನು ಪೂರ್ತಿ ವಾಕ್ಯ ಮಾಡಿ ಕೊಟ್ಟುಬಿಡುತ್ತವೆ, ಆಗ ಅವನು ಎಲ್ಲಿ ನಿಂತ, ಎಲ್ಲಿ ತಡವರಿಸಿದ ಎನ್ನುವುದು ಕಿವಿಗೆ ಬೀಳುವುದಿಲ್ಲ.