ಮಣಿ ಮಾತ್ರ ಕೈಗೆ ಸಿಗುವ ಸಂಜೆಗಳು

ಪ್ರಿಯ ಸಹೋದರಿ,

ಕಾರವಾರದ ಬೈತಖೋಲದಿಂದ ನೀವು ಬರೆದ ಪತ್ರ ಎಂಟು ದಿನದಿಂದ ನನ್ನ ಮೇಜಿನ ಮೇಲಿದೆ. ಅವಸರದಲ್ಲಿ ಉತ್ತರಿಸಲು ಮನಸ್ಸಾಗಲಿಲ್ಲ. ಬೋಟು ನಡೆಸುವ ತಾಂಡೇಲರಾಗಿದ್ದ ನಿಮ್ಮ ಯಜಮಾನರು ಪಾರ್ಶ್ವವಾಯು ಬಡಿದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ 1ರಂದು ಬೋಟುಗಳು ಹೊರಟ ಸದ್ದು ಕೇಳಿ ಅವರು ಗೋಡೆಯತ್ತ ಮುಖ ತಿರುಗಿಸಿದರು ಎಂದಿದ್ದೀರಿ. “ಜಪಮಾಲೆ ಹಿಡಿದರೆ ಮಣಿ ಕೈಗೆ ಸಿಗುತ್ತದೆ, ದೇವರು ಸಿಗುವುದಿಲ್ಲ. ನಿನ್ನ ವಿಶ್ವಾಸ ಸಾಲದು, ಅದಕ್ಕೇ ಹೀಗೆ ಎಂದು ನೆಂಟರೊಬ್ಬರು ಹೇಳಿದರು. ಹೌದೇ?” ಎಂದು ಕೇಳಿದ್ದೀರಿ.

ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತರು. ಅಲ್ಲಿಯವರೆಗೆ ಅವರದ್ದು ಏನೂ ತಪ್ಪಿರಲಿಲ್ಲ. ಆಮೇಲೆ ಬಾಯಿ ತೆರೆದು, ದೋಷ ನಿನ್ನಲ್ಲೇ ಇರಬೇಕು ಎಂದರು. ಯೋಬ ಹುಟ್ಟಿದ ದಿನವನ್ನೇ ಶಪಿಸಿದ, ದೇವರೊಡನೆ ವಾದಕ್ಕೆ ನಿಂತ. ದೇವರು ಉತ್ತರಿಸಿದ್ದು ಯೋಬನ ಗ್ರಂಥದ 38ನೇ ಅಧ್ಯಾಯದಲ್ಲಿ. ಯೋಬನಿಗೂ ಗಡುಸು ಮಾತು ಕೇಳಿಸಿತು, ನಿಜ. ಆದರೆ ನನ್ನ ವಿಷಯವಾಗಿ ಸರಿಯಾದದ್ದನ್ನು ಆಡಿದವನು ಯೋಬ, ನೀವಲ್ಲ ಎಂದು ದೇವರು ಹೇಳಿದ್ದು ಆ ಗೆಳೆಯರಿಗೆ.

ಇಂದು ರಾತ್ರಿ ಬೈಬಲಿನ 88ನೇ ಕೀರ್ತನೆ ಓದಿ. ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಗೆ ಹೊರಳುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಹಿರಿಯರು ಅದಕ್ಕೊಂದು ಸಮಾಧಾನದ ಸಾಲು ಸೇರಿಸದೆ, ಇದ್ದ ಹಾಗೆಯೇ ಪ್ರಾರ್ಥನೆ ಎಂದು ಉಳಿಸಿಕೊಂಡರು. ದೇವರು ಸಿಗುವುದಿಲ್ಲ ಎಂದು ನನಗೆ ಬರೆದಿರಲ್ಲ, ಅದನ್ನೇ ದೇವರಿಗೂ ಹೇಳಿ.

“ನನ್ನ ದೇವರೇ, ನನ್ನ ದೇವರೇ, ಏಕೆ ನನ್ನ ಕೈಬಿಟ್ಟೆ?” ಶಿಲುಬೆಯ ಮೇಲಿನ ಈ ಕೂಗು 22ನೇ ಕೀರ್ತನೆಯ ಮೊದಲ ಸಾಲು. ಶುಭಸಂದೇಶ ಬರೆದ ಮಾರ್ಕನು ಅದನ್ನು ಅರಮಾಯಿಕ್ ಭಾಷೆಯಲ್ಲೇ ಬರೆದಿಟ್ಟಿದ್ದಾನೆ. ಅದು ಯೇಸುಸ್ವಾಮಿಯ ಮನೆಮಾತು. ನಮಗೆ ಅಳು ಬಂದಾಗ ಕೊಂಕಣಿ ಬರುವ ಹಾಗೆ. ಆಗ ಆಕಾಶದಿಂದ ಉತ್ತರ ಬರಲಿಲ್ಲ. ನೀವಿರುವ ಆ ಮೌನದಲ್ಲಿ ಅವರೂ ಇದ್ದರು ಎಂಬುದೊಂದೇ ನನ್ನನ್ನು ಹಿಡಿದು ನಿಲ್ಲಿಸಿದೆ.

ಅಪ್ಪ ಮಲಗಿದ್ದ ಏಳು ತಿಂಗಳು ನನ್ನ ಬಾಯಲ್ಲಿ ಒಂದು ಪ್ರಾರ್ಥನೆಯೂ ಹೊರಡಲಿಲ್ಲ. ಸಂಜೆ ಅಮ್ಮ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವಾಗ ಪಕ್ಕದಲ್ಲಿ ಕುಳಿತಿರುತ್ತಿದ್ದೆ, ಅಷ್ಟೇ. ಅಪ್ಪ ಉಳಿಯಲಿಲ್ಲ. ನನ್ನ ಪಾಲಿನದನ್ನೂ ಅಮ್ಮನೇ ಹೇಳಿ ಮುಗಿಸುತ್ತಿದ್ದಳು ಎಂದು ಈಗ ಅನಿಸುತ್ತದೆ. ಕೇರಿಯ ಒಬ್ಬಿಬ್ಬರು ಹೆಂಗಸರನ್ನು ಕರೆಯಿರಿ, ಅವರು ಹೇಳಲಿ, ನೀವು ಕುಳಿತಿರಿ. ಇಗರ್ಜಿಗೆ ಹೋಗಲಾಗದಿದ್ದರೆ ಪಾದ್ರಿಯವರಿಗೆ ಹೇಳಿಕಳಿಸಿ, ಪರಮಪ್ರಸಾದವನ್ನು ಮನೆಗೇ ತರುತ್ತಾರೆ.

ಕಪೆರ್ನೌಮ್ ಎಂಬ ಊರಿನಲ್ಲಿ ಪಾರ್ಶ್ವವಾಯು ಬಡಿದವನೊಬ್ಬನನ್ನು ನಾಲ್ವರು ಯೇಸುವಿನ ಬಳಿಗೆ ಹೊತ್ತು ತಂದರು. ಜನಸಂದಣಿಯಲ್ಲಿ ದಾರಿ ಸಿಗದೆ ಚಾವಣಿ ಬಿಚ್ಚಿ ಇಳಿಸಿದರು. ಯೇಸು ಕಂಡದ್ದು ‘ಅವರ ವಿಶ್ವಾಸ’ ಎನ್ನುತ್ತಾನೆ ಮಾರ್ಕ. ಆ ನಾಲ್ವರು ಆಡಿದ ಒಂದು ಮಾತೂ ಅಲ್ಲಿಲ್ಲ. ಹೊತ್ತರು, ಇಳಿಸಿದರು. ಆ ಮನುಷ್ಯ ಎದ್ದು ನಡೆದ. ನಿಮ್ಮ ಯಜಮಾನರೂ ನಡೆಯುತ್ತಾರೆಂದು ನಾನು ಹೇಳಲಾರೆ. ಆದರೆ ರಾತ್ರಿ ಎರಡೆರಡು ಸಲ ಎದ್ದು ಅವರನ್ನು ಮಗ್ಗುಲು ತಿರುಗಿಸುತ್ತೇನೆ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ವಿಶ್ವಾಸ ಸಾಲದು ಎಂದ ನೆಂಟರಿಗೆ ಅದು ಕಂಡಿಲ್ಲ.

ಅವರು ಹೇಗಿದ್ದಾರೆಂದು ಮತ್ತೆ ಬರೆಯಿರಿ. ನೀವು ಹೇಗಿದ್ದೀರಿ ಎಂಬುದನ್ನೂ.

— ಸಂಪಾದಕ