ಹಳೆಯ ವಾಹನ ರೇಡಿಯೊ, ಸೋರುವ ಕೆಪಾಸಿಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪರವಾನಗಿ ಪಡೆದ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ). 1990ರ ದಶಕದ ಆರಂಭದ, ಎರಡು ಮೀಟರ್ ತರಂಗಾಂತರದ ಬ್ಯಾಂಡಿನ, ವಾಹನದಲ್ಲಿ ಬಳಸುವ ರೇಡಿಯೊ ಸೆಟ್ಟೊಂದನ್ನು ಜೀಪಿನಲ್ಲಿ ಅಳವಡಿಸಿಕೊಂಡಿದ್ದೇನೆ. ಚಳಿಗಾಲದ ಬೆಳಿಗ್ಗೆ ಆನ್ ಮಾಡಿದರೆ ಧ್ವನಿ ತೀರಾ ಕ್ಷೀಣವಾಗಿ, ಕೀರಲಾಗಿ ಕೇಳುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಬಹುಮಟ್ಟಿಗೆ ಸರಿಹೋಗುತ್ತದೆ. ಪರಿಚಿತ ರಿಪೇರಿಯವರು ಆಡಿಯೊ ಐಸಿ (ಧ್ವನಿಯನ್ನು ವರ್ಧಿಸುವ ಚಿಪ್) ಬದಲಿಸಿಕೊಟ್ಟರೂ ಪ್ರಯೋಜನವಾಗಲಿಲ್ಲ. ಇದು ಕೆಪಾಸಿಟರ್ ದೋಷವೇ? ಖಚಿತಪಡಿಸಿಕೊಳ್ಳುವುದು ಹೇಗೆ?
— ಓದುಗರೊಬ್ಬರು, ಸಾಗರ

ಉತ್ತರ: ತಣ್ಣಗಿದ್ದಾಗ ತೊಂದರೆ, ಬಿಸಿಯಾದ ಮೇಲೆ ಸರಿ ಎಂಬ ನಿಮ್ಮ ವಿವರಣೆಯೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನತ್ತ ಬಲವಾಗಿ ಬೊಟ್ಟು ಮಾಡುತ್ತದೆ. ಈ ಬಗೆಯ ಕೆಪಾಸಿಟರಿನೊಳಗೆ ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವಿರುತ್ತದೆ. ವರ್ಷಗಳು ಕಳೆದಂತೆ ಆ ದ್ರವವು ತಳದ ರಬ್ಬರ್ ಬಿರಡೆಯ ಮೂಲಕ ಸ್ವಲ್ಪಸ್ವಲ್ಪವಾಗಿ ಆರಿಹೋಗುತ್ತದೆ. ಆಗ ಕೆಪಾಸಿಟನ್ಸ್ (ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯ) ಇಳಿಯುತ್ತದೆ, ಇಎಸ್‌ಆರ್ ಎಂದು ಕರೆಯುವ ಒಳಗಿನ ಸರಣಿ ರೋಧ ಏರುತ್ತದೆ. ಉಳಿದಿರುವ ಅಲ್ಪ ದ್ರವವು ಚಳಿಯಲ್ಲಿ ವಿದ್ಯುತ್ತನ್ನು ಇನ್ನೂ ಕಡಿಮೆ ಹರಿಸುತ್ತದೆ, ಬಿಸಿಯಾದಾಗ ಚೇತರಿಸಿಕೊಳ್ಳುತ್ತದೆ. ವಾಹನದೊಳಗಿನ ಸೆಟ್ಟುಗಳಲ್ಲಿ ಈ ಸವೆತ ಬೇಗ ಆಗುವುದಕ್ಕೂ ಕಾರಣವಿದೆ. ಕೆಪಾಸಿಟರ್ ಇರುವ ಜಾಗದ ಉಷ್ಣತೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಾದಂತೆ ಅದರ ಆಯುಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ತಯಾರಕರೇ ಬಳಸುವ ಲೆಕ್ಕ; ಬಿಸಿಲಿಗೆ ನಿಂತ ಜೀಪಿನ ಡ್ಯಾಶ್‌ಬೋರ್ಡಿನ ಕೆಳಗೆ, ಪ್ರಸಾರ ಘಟ್ಟದ ಬಿಸಿಯನ್ನು ಹೊರಹಾಕುವ ಲೋಹದ ಹೀಟ್‌ಸಿಂಕಿನ ಪಕ್ಕದಲ್ಲೇ ಅದು ಕುಳಿತಿರುತ್ತದೆ.

ಧ್ವನಿ ಕೀರಲಾಗುವುದಕ್ಕೂ ಸರಳ ಲೆಕ್ಕವಿದೆ. ಹಲವು ಸೆಟ್ಟುಗಳಲ್ಲಿ ಆಡಿಯೊ ಐಸಿ ಮತ್ತು ಸ್ಪೀಕರಿನ ನಡುವೆ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. 8 ಓಮ್ ಸ್ಪೀಕರಿಗೆ ಅದರ ಕೆಪಾಸಿಟನ್ಸ್ 470 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 42 ಹರ್ಟ್ಸ್‌ಗಿಂತ ಮೇಲಿನ ಧ್ವನಿಯೆಲ್ಲ ಸಲೀಸಾಗಿ ದಾಟುತ್ತದೆ. ಅದೇ ಕೆಪಾಸಿಟರ್ ಒಣಗಿ 22 ಮೈಕ್ರೋಫ್ಯಾರಡ್‌ಗೆ ಇಳಿದರೆ ಆ ಗಡಿ 900 ಹರ್ಟ್ಸ್‌ಗೆ ಏರುತ್ತದೆ, ಸುಮಾರು 300ರಿಂದ 3000 ಹರ್ಟ್ಸ್‌ವರೆಗಿನ ಮಾತಿನ ಧ್ವನಿಯಲ್ಲಿ ತುಂಬಿಕೊಡುವ ಭಾಗವೇ ಕಳೆದುಹೋಗುತ್ತದೆ. ಐಸಿ ಬದಲಿಸಿದರೂ ಫಲ ಸಿಗದಿರುವುದು ಇದಕ್ಕೆ ಹೊಂದುತ್ತದೆ.

ಆದರೂ ಸೋಲ್ಡರಿಂಗ್ ಐರನ್ ಹಿಡಿಯುವ ಮೊದಲು ಬೇರೊಂದು ಸ್ಪೀಕರನ್ನು ಹೊರಗಿನ ಜ್ಯಾಕಿಗೆ ಸಿಕ್ಕಿಸಿ ಕೇಳಿ. ಹೊರ ಸ್ಪೀಕರಿನಲ್ಲಿ ಧ್ವನಿ ಚೆನ್ನಾಗಿದ್ದರೆ ದೋಷ ಒಳಗಿನ ಸ್ಪೀಕರಿನದು, ಇಲ್ಲವೇ ಜ್ಯಾಕಿನೊಳಗೆ ಕಿಲುಬು ಹಿಡಿದ ಸ್ವಿಚ್ಚಿನದು. ಇದನ್ನು ನೋಡದೆ ಬೋರ್ಡ್ ಕೆದಕಿದವರು ಬಹಳ ಮಂದಿ. ಅಲ್ಲಿಯೂ ಧ್ವನಿ ಕ್ಷೀಣವಾಗಿದ್ದರೆ ಸೆಟ್ಟನ್ನು ಮನೆಯೊಳಗೆ ತಂದು, 13.8 ವೋಲ್ಟಿನ ಪವರ್ ಸಪ್ಲೈಗೆ ಜೋಡಿಸಿ, ಮುಚ್ಚಳ ಬಿಚ್ಚಿ, ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದನ್ನು ಅಡಗಿಸುವ ನಿಯಂತ್ರಣ) ಪೂರ್ತಿ ತೆರೆದು ಬರುವ ಸೊರ್ರೆನ್ನುವ ಸದ್ದನ್ನು ಕೇಳುತ್ತಾ ಕೂರಿ. ದಪ್ಪ ಕಾಗದವನ್ನು ಸುರುಳಿ ಸುತ್ತಿ ಹೇರ್ ಡ್ರೈಯರಿನ ಬಾಯಿಗೆ ಕೊಳವೆಯಂತೆ ಕಟ್ಟಿ, ಬಿಸಿಗಾಳಿಯನ್ನು ಆಡಿಯೊ ಭಾಗದ ಒಂದೊಂದೇ ಕೆಪಾಸಿಟರಿಗೆ ಅರ್ಧ ನಿಮಿಷದಷ್ಟು ಹೊತ್ತು ಬಿಡಿ. ಯಾವುದು ಬಿಸಿಯಾದಾಗ ಸದ್ದು ತುಂಬಿ ಬರುತ್ತದೆಯೋ ಅದರ ಮೇಲೆ ಗುರುತು ಹಾಕಿ. ಗಾಳಿ ಅಕ್ಕಪಕ್ಕಕ್ಕೂ ಹರಡುವುದರಿಂದ, ತಂಪುಗೊಳಿಸುವ ಸ್ಪ್ರೇ ಸಿಕ್ಕರೆ ಅದೊಂದನ್ನೇ ಮತ್ತೆ ತಣ್ಣಗೆ ಮಾಡಿ, ಸದ್ದು ಕುಗ್ಗುವುದೋ ನೋಡಿ. ಎರಡೂ ಬಾರಿ ಅದೇ ಕೆಪಾಸಿಟರ್ ಸ್ಪಂದಿಸಿದರೆ, ಸೆಟ್ಟನ್ನು ಆಫ್ ಮಾಡಿ ಅಷ್ಟೇ ಮೈಕ್ರೋಫ್ಯಾರಡ್‌ನ ಹೊಸದೊಂದನ್ನು, ಧನ ಮತ್ತು ಋಣ ತುದಿಗಳು ತಪ್ಪದಂತೆ, ಹಳೆಯದರ ಎರಡು ತುದಿಗಳಿಗೆ ಅಡ್ಡಲಾಗಿ ತಾತ್ಕಾಲಿಕವಾಗಿ ಬೆಸೆದು ಮತ್ತೆ ಆನ್ ಮಾಡಿ. ತಣ್ಣಗಿರುವಾಗಲೇ ಧ್ವನಿ ಮರಳಿದರೆ ಸಂಶಯಕ್ಕೆ ಎಡೆಯಿಲ್ಲ. ಒಳಗೇ ಶಾರ್ಟ್ ಆದ ಕೆಪಾಸಿಟರಿಗೆ ಮಾತ್ರ ಈ ಪರೀಕ್ಷೆ ನಡೆಯದು.

ಸ್ಪೀಕರಿಗೆ ಐಸಿಯಿಂದ ಎರಡೂ ತಂತಿಗಳು ನೇರವಾಗಿ ಹೋಗಿದ್ದರೆ ಅಲ್ಲಿ ಆ ದೊಡ್ಡ ಕೆಪಾಸಿಟರ್ ಇರುವುದೇ ಇಲ್ಲ. ಆಗ ವಾಲ್ಯೂಮ್ ಕಂಟ್ರೋಲಿನಿಂದ ಐಸಿಗೆ ಬರುವ ದಾರಿಯಲ್ಲಿರುವ 1ರಿಂದ 10 ಮೈಕ್ರೋಫ್ಯಾರಡ್‌ನ ಚಿಕ್ಕವುಗಳನ್ನು ಮೊದಲು ನೋಡಿ. ಗಾತ್ರ ಚಿಕ್ಕದಾದಷ್ಟೂ ಒಳಗಿನ ದ್ರವ ಕಡಿಮೆ, ಒಣಗುವುದೂ ಬೇಗ.

ಪ್ರಶ್ನೆ: ಅದೇ ಕಾಲದ ನನ್ನ ಸೆಟ್ಟಿನಲ್ಲಿ ಕೆಲವೊಮ್ಮೆ ಡಿಸ್‌ಪ್ಲೇ ಮಿನುಗಿ, ಗ್ರಹಣವೂ ಪ್ರಸಾರವೂ ನಿಂತುಹೋಗುತ್ತವೆ. ಇಎಸ್‌ಆರ್ ಮೀಟರಿನಿಂದ ಎಲ್ಲ ಕೆಪಾಸಿಟರ್‌ಗಳನ್ನೂ ಬೋರ್ಡಿನಲ್ಲೇ ಅಳೆದೆ, ಎಲ್ಲವೂ ಸರಿಯಿವೆ. ಹಾಗಾದರೆ ದೋಷ ಬೇರೆಲ್ಲೋ ಇದೆ ಎಂದು ತಿಳಿಯಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹಾಗೆ ತಿಳಿಯಬೇಡಿ. ಈ ಮೀಟರ್ ಸಾಮಾನ್ಯವಾಗಿ 100 ಕಿಲೋಹರ್ಟ್ಸ್ ಆವರ್ತನದಲ್ಲಿ, ಡಯೋಡುಗಳು ಎಚ್ಚರಗೊಳ್ಳದಷ್ಟು ಕಡಿಮೆ ವೋಲ್ಟೇಜಿನಲ್ಲಿ ಅಳೆಯುತ್ತದೆ. ಬೋರ್ಡಿನಿಂದ ಬಿಚ್ಚದೆ ಅಳೆಯಲು ಸಾಧ್ಯವಾಗುವುದು ಅದರಿಂದಲೇ. ಆದರೆ ಒಂದೇ ಸಪ್ಲೈ ಲೈನಿನಲ್ಲಿ ನಾಲ್ಕಾರು ಕೆಪಾಸಿಟರ್‌ಗಳು ಸಮಾಂತರವಾಗಿದ್ದರೆ, ಚೆನ್ನಾಗಿರುವ ಒಂದೇ ಒಂದು ಉಳಿದೆಲ್ಲದರ ದೋಷವನ್ನು ಮುಚ್ಚಿಬಿಡುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ದ್ರವ ಹೊರಗೆ ಸೋರಿ ಬೋರ್ಡನ್ನು ತಿನ್ನುತ್ತಿರುವ ಕೆಪಾಸಿಟರ್ ಕೂಡ ಮೀಟರಿನಲ್ಲಿ ಒಳ್ಳೆಯ ಅಂಕಿ ತೋರಿಸಬಲ್ಲದು.

1980ರ ದಶಕದ ಕೊನೆಯಿಂದ 1990ರ ದಶಕದವರೆಗೆ, ಬೋರ್ಡಿನ ಮೇಲ್ಮೈಗೇ ಬೆಸೆಯುವ ಚಿಕ್ಕ ಅಲ್ಯೂಮಿನಿಯಂ ಡಬ್ಬಿಯ ಕೆಪಾಸಿಟರ್‌ಗಳು ಬಳಕೆಗೆ ಬಂದವು. ಅವುಗಳಲ್ಲಿ ಹಲವಕ್ಕೆ ಕ್ವಾಟರ್ನರಿ ಅಮೋನಿಯಂ ಲವಣದ ದ್ರವ ತುಂಬಿದ್ದರು. ಋಣ ತುದಿಯ ಬಳಿ ಅದು ಕ್ಷಾರವಾಗಿ ಬಿರಡೆಯನ್ನೇ ಸಡಿಲಿಸಿ ಹೊರಬರುತ್ತದೆ. ಅಮೆರಿಕದಲ್ಲಿ ಪೊಲೀಸ್ ವಾಹನಗಳಿಗೆ ಬಳಸುತ್ತಿದ್ದ ಮೊಟೊರೊಲಾ ಸ್ಪೆಕ್ಟ್ರಾ ಸೆಟ್ಟುಗಳು ಇದೇ ಸೋರಿಕೆಗೆ ರಿಪೇರಿ ಮಾಡುವವರ ನಡುವೆ ಹೆಸರಾದವು. ನಿಮ್ಮ ಸೆಟ್ಟಿನ ಬೋರ್ಡನ್ನು ಭೂತಗನ್ನಡಿಯ ಕೆಳಗೆ ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಕೆಪಾಸಿಟರಿನ ಕಾಲಿನ ಸುತ್ತ ಬೆಸುಗೆಯು ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿದ್ದರೆ, ಹತ್ತಿರದ ತಾಮ್ರದ ಗೆರೆ ಕಪ್ಪಾಗಿದ್ದರೆ, ಹಸಿರು ಲೇಪ ಒದ್ದೆಯಾದಂತೆ ಕಂಡರೆ ಸೋರಿಕೆ ಆಗಿದೆ. ಸೋಲ್ಡರಿಂಗ್ ಐರನ್ ತಗುಲಿಸಿದೊಡನೆ ಮೀನಿನ ವಾಸನೆ ಬಂದರಂತೂ ಬೇರೆ ಸಾಕ್ಷಿ ಬೇಡ.

ಆವರ್ತನವನ್ನು ಹಿಡಿದಿಡುವ ಪಿಎಲ್‌ಎಲ್ ಭಾಗದಲ್ಲಿ ವಿಸಿಒಗೆ (ವೋಲ್ಟೇಜಿಗೆ ತಕ್ಕಂತೆ ಆವರ್ತನ ಬದಲಿಸುವ ಆಂದೋಲಕಕ್ಕೆ) ಹೋಗುವ ನಿಯಂತ್ರಣ ವೋಲ್ಟೇಜಿನ ಲೈನ್ ಅತ್ಯಂತ ಸೂಕ್ಷ್ಮವಾದದ್ದು. ಅದರ ಮೇಲೆ ತೆಳುವಾಗಿ ಹರಡಿದ ಈ ದ್ರವ ಅಲ್ಪಸ್ವಲ್ಪ ವಿದ್ಯುತ್ತನ್ನು ಅರ್ಥ್‌ಗೆ ಹರಿಸಿದರೂ ಆವರ್ತನದ ಹಿಡಿತ ತಪ್ಪುತ್ತದೆ. ಒಳರೋಧ 10 ಮೆಗಾಓಮ್‌ನಷ್ಟಿರುವ ಡಿಜಿಟಲ್ ಮಲ್ಟಿಮೀಟರಿನಿಂದ ಆ ಲೈನನ್ನು ನೋಡಿ. ಆವರ್ತನ ಬದಲಿಸಿದಂತೆ ವೋಲ್ಟೇಜ್ ಕ್ರಮವಾಗಿ ಬದಲಾಗಬೇಕು. ಸೊನ್ನೆಯಲ್ಲೋ ತುತ್ತತುದಿಯಲ್ಲೋ ಅಂಟಿಕೊಂಡಿದ್ದರೆ ಲಾಕ್ ಆಗಿಲ್ಲ. ಭಾಗಗಳನ್ನು ಅಲುಗದಂತೆ ಹಿಡಿಯಲು ಹಾಕಿದ ಹಳದಿ ಅಂಟು ವಯಸ್ಸಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದೂ ವಿದ್ಯುತ್ ಹರಿಸಬಲ್ಲದು, ಕೆರೆದು ತೆಗೆಯಿರಿ.

ಕೆಲಸ ಮಾಡುತ್ತಿರುವ ಸೆಟ್ಟಿನ ಎಲ್ಲ ಕೆಪಾಸಿಟರ್‌ಗಳನ್ನೂ ವಯಸ್ಸಾಯಿತೆಂದು ಸಾರಾಸಗಟಾಗಿ ಕೀಳುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಬಾರಿಯೂ ಬೋರ್ಡಿಗೆ ಪೆಟ್ಟು ಬೀಳುತ್ತದೆ. ಆದರೆ ಈ ಕಾಲದ ಮೇಲ್ಮೈ ಬೆಸುಗೆಯ ಅಲ್ಯೂಮಿನಿಯಂ ಕೆಪಾಸಿಟರ್‌ಗಳಲ್ಲಿ ಒಂದು ಸೋರಿದೆಯೆಂದರೆ ಅದೇ ಬಗೆಯ ಉಳಿದವೂ ಸಾಲಿನಲ್ಲಿವೆ. ಅವುಗಳನ್ನು ಒಟ್ಟಿಗೇ ಬದಲಿಸಿ, ತಡಮಾಡಬೇಡಿ, ಏಕೆಂದರೆ ಕೆಪಾಸಿಟರ್ ಅಂಗಡಿಯಲ್ಲಿ ಸಿಗುತ್ತದೆ, ತಿಂದುಹೋದ ತಾಮ್ರದ ಗೆರೆ ಸಿಗುವುದಿಲ್ಲ. ತಿರುಚಿ ಕೀಳಬೇಡಿ, ದ್ರವದಿಂದ ದುರ್ಬಲವಾದ ಪ್ಯಾಡ್ (ಕಾಲು ಬೆಸೆಯುವ ತಾಮ್ರದ ಜಾಗ) ಜೊತೆಗೇ ಎದ್ದು ಬರುತ್ತದೆ. ಎರಡು ಸೋಲ್ಡರಿಂಗ್ ಐರನ್‌ಗಳಿಂದ ಎರಡೂ ಕಾಲುಗಳನ್ನು ಒಟ್ಟಿಗೆ ಕಾಯಿಸಿ ಎತ್ತಿ, ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಚೆನ್ನಾಗಿ ತಿಕ್ಕಿ ತೊಳೆದು, ಪೂರ್ತಿ ಒಣಗಿದ ಮೇಲೆ ಹೊಸದನ್ನು ಬೆಸೆಯಿರಿ. 105 ಡಿಗ್ರಿ ಎಂದು ಮುದ್ರಿಸಿದವನ್ನೇ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತವೆ, ಆದರೆ ಹಾಕುವ ಮೊದಲು ಪ್ರತಿಯೊಂದನ್ನೂ ಮೀಟರಿಗೆ ಹಿಡಿಯಿರಿ. ಬದಲಿಗೆ ಟ್ಯಾಂಟಲಮ್ ಕೆಪಾಸಿಟರ್ ಹಾಕುವುದಾದರೆ ಲೈನಿನ ವೋಲ್ಟೇಜಿನ ಎರಡರಷ್ಟು ತಾಳುವಂಥದ್ದು ಬೇಕು. ಅಲ್ಯೂಮಿನಿಯಂ ಡಬ್ಬಿಯ ಮೇಲಿನ ಕಪ್ಪು ಗುರುತು ಋಣ ತುದಿಯನ್ನು ಸೂಚಿಸಿದರೆ, ಟ್ಯಾಂಟಲಮ್ ಚಿಪ್ಪಿನ ಪಟ್ಟಿ ಧನ ತುದಿಯನ್ನು ಸೂಚಿಸುತ್ತದೆ ಎಂಬುದನ್ನು ಮರೆಯಬೇಡಿ. ರಿಪೇರಿಯ ನಂತರ ಪ್ರಸಾರವನ್ನು 50 ಓಮ್ ಡಮ್ಮಿ ಲೋಡಿನ (ಆಂಟೆನಾದ ಬದಲು ಪ್ರಸಾರದ ಶಕ್ತಿಯನ್ನು ಹೀರಿಕೊಳ್ಳುವ ರೋಧಕದ) ಮೇಲೆ ಪರೀಕ್ಷಿಸಿ, ಆಂಟೆನಾದ ಮೇಲಲ್ಲ.

ಪ್ರಶ್ನೆ: ಡೀಸೆಲ್ ಎಂಜಿನ್ನಿನ ವೇಗ ಏರಿದಂತೆ ರೇಡಿಯೊದಲ್ಲಿ ಕುಂಯ್ ಎನ್ನುವ ಸದ್ದೂ ಏರುತ್ತದೆ. ಒಳಗಿನ ಫಿಲ್ಟರ್ ಕೆಪಾಸಿಟರ್ ಹೋಗಿದೆ ಎನ್ನುತ್ತಾರೆ. ನಿಜವೇ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಇರಬಹುದು, ಆದರೆ ಅದನ್ನು ಕೊನೆಗೆ ನೋಡಿ. ಈ ಸದ್ದು, ಎಂಜಿನ್ನಿನಿಂದ ತಿರುಗಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನದು. 12 ಧ್ರುವಗಳ ಆಲ್ಟರ್ನೇಟರ್ ಒಂದು ಸುತ್ತಿಗೆ 36 ಬಾರಿ ವೋಲ್ಟೇಜನ್ನು ಏರಿಳಿಸುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗಿದರೆ 1200 ಹರ್ಟ್ಸ್, ಅಂದರೆ ಮಾತಿನ ಧ್ವನಿಯ ನಟ್ಟನಡುವೆ. ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ ಮಲ್ಟಿಮೀಟರಿನ ಎಸಿ ಅಳತೆ ಅರ್ಧ ವೋಲ್ಟ್ ಮೀರಿದರೆ ಆಲ್ಟರ್ನೇಟರಿನ ಡಯೋಡ್ ಹೋಗಿದೆಯೆಂದು ಶಂಕಿಸಬೇಕು. ಅದು ಸರಿಯಿದ್ದರೆ ಸೆಟ್ಟಿನ ಎರಡೂ ತಂತಿಗಳು ನೇರವಾಗಿ ಬ್ಯಾಟರಿಗೇ ಹೋಗಿವೆಯೇ, ಫ್ಯೂಸ್ ಹೋಲ್ಡರ್ ಮತ್ತು ಅರ್ಥ್ ಬಿಗಿಯಾಗಿವೆಯೇ ನೋಡಿ. ಬೇರೆ ಬ್ಯಾಟರಿಗೆ ಜೋಡಿಸಿದಾಗ ಸದ್ದು ನಿಂತಿತೆಂದ ಮಾತ್ರಕ್ಕೆ ರೇಡಿಯೊ ನಿರ್ದೋಷಿಯಲ್ಲ. ಆ ಬ್ಯಾಟರಿಯಲ್ಲಿ ಸೋಸಬೇಕಾದ ಏರಿಳಿತವೇ ಇಲ್ಲ. ಅದೇ ವಾಹನದ ಅದೇ ತಂತಿಗೆ ಬೇರೊಂದು ಸೆಟ್ ಜೋಡಿಸಿ. ಅದು ನಿಶ್ಶಬ್ದವಾಗಿದ್ದರೆ ನಿಮ್ಮ ಸೆಟ್ಟಿನೊಳಗೆ ಸಪ್ಲೈ ತಂತಿ ಬಂದು ಸೇರುವ ಜಾಗದ ದೊಡ್ಡ ಕೆಪಾಸಿಟರನ್ನು ಬದಲಿಸಿ. 1000 ಮೈಕ್ರೋಫ್ಯಾರಡ್‌ನ ಒಳ್ಳೆಯ ಕೆಪಾಸಿಟರಿನ ಇಎಸ್‌ಆರ್ ಓಮ್‌ನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಇರಬೇಕು.

ವಾಲ್ಯೂಮ್ ಪೂರ್ತಿ ಇಳಿಸಿದರೂ ಕುಂಯ್ ಸದ್ದು ಹಾಗೇ ಇದ್ದರೆ ಅದು ಕೊನೆಯ ಆಡಿಯೊ ಘಟ್ಟಕ್ಕೆ ನುಸುಳುತ್ತಿದೆ. ನಿಮಗೆ ಕೇಳಿಸದೆ ಎದುರಿನವರಿಗೆ ಮಾತ್ರ ಕೇಳಿಸಿದರೆ, ಮೈಕ್ ಆಂಪ್ಲಿಫೈಯರಿಗೆ ಹೋಗುವ ಸಪ್ಲೈ ಲೈನಿನ ಚಿಕ್ಕ ಕೆಪಾಸಿಟರನ್ನು ನೋಡಿ.

ಪ್ರಶ್ನೆ: ಪವರ್ ತೆಗೆದಾಗಲೆಲ್ಲ ಉಳಿಸಿಟ್ಟ ಚಾನೆಲ್‌ಗಳು ಅಳಿಸಿಹೋಗುತ್ತವೆ. ಇದೂ ಕೆಪಾಸಿಟರಿನಿಂದಲೇ?
— ಓದುಗರೊಬ್ಬರು, ಮಡಿಕೇರಿ

ಉತ್ತರ: ಬಹುತೇಕ ಅಲ್ಲ. ಆ ಕಾಲದ ಹೆಚ್ಚಿನ ಸೆಟ್ಟುಗಳಲ್ಲಿ ಮೆಮೊರಿಯನ್ನು ಕಾಯುವುದು ಬೋರ್ಡಿಗೆ ಬೆಸೆದ 3 ವೋಲ್ಟಿನ ಲಿಥಿಯಂ ಸೆಲ್. ಅಳೆದು ನೋಡಿ, 2.5 ವೋಲ್ಟಿಗಿಂತ ಕಡಿಮೆಯಿದ್ದರೆ ಬದಲಿಸಿ. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕದೆ, ಬೆಸೆಯಲು ಪಟ್ಟಿಗಳಿರುವುದನ್ನೇ ಕೊಳ್ಳಿ.